ಗಂಡಸಿಗೊಂದು ತವರು

ಅಕ್ಟೋಬರ್ ತಿಂಗಳ ಒಂದು ಶನಿವಾರ. ನಾವು ಹೊರಡಬೇಕಾದದ್ದು ಹತ್ತೂವರೆಗೆ. ಒಂಬತ್ತಕ್ಕೇ ಪಕ್ಕದ ಮನೆಯ ಅಜ್ಜ ನಮ್ಮ ಗ್ಯಾರೇಜಿನ ಮುಂದೆ ಬಂದು ನಿಂತಿದ್ದರು. ಇಸ್ತ್ರಿಯ ಗೀರು ಎದ್ದು ಕಾಣುವ ಬೂದು ಪ್ಯಾಂಟು, ತೋಳಿನಂಚು ಸವೆದ ಕಪ್ಪು ಕೋಟು, ಕುತ್ತಿಗೆಗೆ ದಾಳಿಂಬೆ ಕಾಳಿನ ಬಣ್ಣದ ಟೈ. ಎಡ ಎದೆಯ ಮೇಲೆ ಅವರೆಕಾಳಿನಷ್ಟು ಗಾತ್ರದ ಚಿನ್ನದ ಪಿನ್ನು. ರಾತ್ರಿಯಿಡೀ ಉದುರಿದ ಮೇಪಲ್ ಎಲೆಗಳ ಮೇಲೆ ಅವರು ಅತ್ತಿಂದಿತ್ತ ಓಡಾಡುವ ಚರಚರ ಸದ್ದು ಅಡುಗೆಮನೆಗೇ ಕೇಳುತ್ತಿತ್ತು.

"ಅಮ್ಮಾ, ಅಜ್ಜ ಆಗಲೇ ರೆಡಿ," ಎಂದಳು ಮಗಳು, ಕಿಟಕಿಗೆ ಮೂಗು ಒತ್ತಿ.

ನನಗೆ ಥಟ್ಟನೆ ನಮ್ಮಮ್ಮ ನೆನಪಾದಳು. ಗೌರಿ ಹಬ್ಬಕ್ಕೆ ಕರೆದೊಯ್ಯಲು ತಿಪಟೂರಿನಿಂದ ನಮ್ಮ ಮಾಮ ಬರುವ ದಿನ ಅವಳೂ ಹೀಗೆಯೇ. ಬಸ್ಸು ಮಧ್ಯಾಹ್ನಕ್ಕಿದ್ದರೂ ಬೆಳಿಗ್ಗೆಯೇ ತಲೆ ಬಾಚಿ, ಸೀರೆ ಉಟ್ಟು, ಚೀಲ ಬಾಗಿಲ ಬಳಿ ಇಟ್ಟುಕೊಂಡು ಕೂತುಬಿಡುತ್ತಿದ್ದಳು. ಯಾರಾದರೂ ಕೇಳಿದರೆ "ಸುಮ್ನೆ ಕೂತಿದೀನಿ" ಅನ್ನುವಳು. ಎಂಬತ್ತೆರಡು ವರ್ಷದ ಈ ಅಮೆರಿಕನ್ ಗಂಡಸಿನ ಮುಖದ ಮೇಲೆ ಅದೇ ಅವಸರ, ಅದನ್ನು ಮುಚ್ಚಿಡುವ ಅದೇ ಬಿಗುಮಾನ. ಬಾಗಿಲು ತೆರೆದು "ಇಷ್ಟು ಬೇಗ?" ಎಂದರೆ, "ಎಲೆ ಗುಡಿಸೋಣ ಅಂತ ಬಂದೆ" ಎಂದರು. ಕೈಯಲ್ಲಿ ಪೊರಕೆಯಿರಲಿಲ್ಲ.

ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿರುವ ಜಿಇ (ಜನರಲ್ ಎಲೆಕ್ಟ್ರಿಕ್) ತಂತ್ರಜ್ಞಾನ ಕೇಂದ್ರದಿಂದ ಅದೇ ಕಂಪನಿಯ ನಿಸ್ಕಯೂನ ಸಂಶೋಧನಾಲಯಕ್ಕೆ ನಾನು ಬಂದು ಆರು ವರ್ಷ. ನ್ಯೂಯಾರ್ಕ್ ರಾಜ್ಯದೊಳಗೆ, ಮೊಹಾಕ್ ನದಿಯ ದಂಡೆಗೆ ಇರುವ ಪುಟ್ಟ ಊರು ಇದು. ಅಜ್ಜನೂ ಅದೇ ಕಂಪನಿಯಲ್ಲಿ ಟರ್ಬೈನುಗಳ ಮಧ್ಯೆ ಆಯುಷ್ಯ ಸವೆಸಿ ನಿವೃತ್ತರಾದವರು. ಮೊದಲ ಚಳಿಗಾಲದಲ್ಲಿ ಹಿಮ ಹೇಗೆ ತೋಡಬೇಕು, ಬೆನ್ನು ಹಿಡಿಯದಂತೆ ಸಲಿಕೆ ಹೇಗೆ ಹಿಡಿಯಬೇಕು ಎಂದು ಕಲಿಸಿದವರು ಅವರೇ. ಹೆಸರು ಹಿಡಿದು ಕರೆ ಎಂದು ಎಷ್ಟು ಹೇಳಿದರೂ ನನ್ನ ನಾಲಿಗೆ ಹೊರಳಲಿಲ್ಲ. ಮಗಳು 'ಅಜ್ಜ' ಎಂದಳು, ಅದೇ ಉಳಿಯಿತು. ಅದು ನಮ್ಮ ಕಡೆಯ ಯಾವುದೋ ಬಿರುದು ಎಂದು ಅವರು ಬಹಳ ದಿನ ನಂಬಿದ್ದರು. ಈ ವಾರ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರಿಂದ ಕಾರು ಓಡಿಸುವಂತಿಲ್ಲ. ಹಳೆಯ ವಿದ್ಯಾರ್ಥಿಗಳು ಕಾಲೇಜಿಗೆ ಮರಳುವ ಹೋಂಕಮಿಂಗ್ ಹಬ್ಬ ತಪ್ಪಿಸುವಂತೆಯೂ ಇಲ್ಲ. ಹಾಗಾಗಿ ಸಾರಥ್ಯ ನನ್ನದು.

ಹೋಗಬೇಕಾದ ಊರು ದೂರವೇನಲ್ಲ. ಕಾಲು ಗಂಟೆ ಓಡಿಸಿದರೆ ಸ್ಕೆನೆಕ್ಟಡಿ. 1886ರಲ್ಲಿ ಎಡಿಸನ್ ತನ್ನ ಯಂತ್ರ ಕಾರ್ಖಾನೆಯನ್ನು ಇಲ್ಲಿಗೆ ತಂದ. 1892ರಲ್ಲಿ ಜಿಇ ಹುಟ್ಟಿತು. ಅದಕ್ಕೂ ಸುಮಾರು ನೂರು ವರ್ಷ ಹಿಂದಿನಿಂದ, 1795ರಿಂದ ಇಲ್ಲೊಂದು ಕಾಲೇಜಿದೆ: ಯೂನಿಯನ್ ಕಾಲೇಜು. ಅಜ್ಜ 1964ರಲ್ಲಿ ಅಲ್ಲಿಂದ ಪದವಿ ಪಡೆದು ಹೊರಬಂದರು. ಹೊರಬಂದರು ಎನ್ನುವುದು ಕಾಗದದ ಮಾತು. ಅರವತ್ತು ವರ್ಷದಿಂದ ಅವರು ಅದರ ಒಂದು ಮನೆಯ ಒಳಗೇ ಇದ್ದಾರೆ.

ಪೇನ್ ಗೇಟ್ ಎಂಬ ಹೆಬ್ಬಾಗಿಲ ಮುಂದೆ ಅಜ್ಜ ಕಾರು ನಿಧಾನ ಮಾಡಿಸಿದರು. "ಇದು ಯಾರ ಹೆಸರು ಗೊತ್ತಾ?" ಜಾನ್ ಹೋವರ್ಡ್ ಪೇನ್ ಇಲ್ಲಿ ಸ್ವಲ್ಪ ಕಾಲ ಓದಿದ ಹುಡುಗ, ನಾಟಕದ ಗೀಳು ಹತ್ತಿ ಹೊರಟುಹೋದ. ಮುಂದೆ 'ಹೋಮ್, ಸ್ವೀಟ್ ಹೋಮ್' ಎಂಬ ಹಾಡು ಬರೆದು ಲೋಕಪ್ರಸಿದ್ಧನಾದ. ಮನೆಯ ಹಾಡು ಬರೆದವನು 1852ರಲ್ಲಿ ತೀರಿಕೊಂಡದ್ದು ಮಾತ್ರ ಮನೆಯಿಂದ ಸಾವಿರಾರು ಮೈಲಿ ಆಚೆ, ಆಫ್ರಿಕದ ಟ್ಯೂನಿಸ್ಸಿನಲ್ಲಿ. ಮೂವತ್ತೊಂದು ವರ್ಷ ಕಳೆದ ಮೇಲೆ ಅವನ ಅಸ್ಥಿಯನ್ನು ಅಮೆರಿಕಕ್ಕೆ ತಂದರು. "ನಮ್ಮ ದೇಶದವರ ಕಥೆಯೇ ಅಷ್ಟು," ಎಂದರು ಅಜ್ಜ. "ಹದಿನೆಂಟಕ್ಕೆ ಮನೆ ಬಿಡುತ್ತೇವೆ. ಆಮೇಲೆ ಬದುಕಿರುವವರೆಗೆ ಅದನ್ನು ಹುಡುಕುತ್ತೇವೆ."

ಒಳಗೆ ಕಾಲಿಟ್ಟರೆ ಜಾತ್ರೆ. ಮೇಪಲ್ ಮರಗಳು ಅರಿಸಿನ ಕುಂಕುಮ ಚೆಲ್ಲಿಕೊಂಡು ನಿಂತಿದ್ದವು. ಬಯಲಿನ ನಡುವೆ ನಾಟ್ ಸ್ಮಾರಕ: ಹದಿನಾರು ಮುಖದ, ಗುಮ್ಮಟವಿರುವ ಕಲ್ಲಿನ ಕಟ್ಟಡ. ಹೊರಗಿನಿಂದ ದೊಡ್ಡ ತೇರು ಓಡುತ್ತ ಓಡುತ್ತ ಅಲ್ಲೇ ನಿಂತಂತೆ ಕಾಣುತ್ತದೆ. ಎಲಿಫಲೆಟ್ ನಾಟ್ 1804ರಿಂದ 1866ರವರೆಗೆ, ಅರವತ್ತೆರಡು ವರ್ಷ ಈ ಕಾಲೇಜಿನ ಅಧ್ಯಕ್ಷರಾಗಿದ್ದವರು. ತಳ್ಳುಗಾಡಿಯಲ್ಲಿ ಮಗು ತಂದ ತಂದೆ, ಊರುಗೋಲು ಹಿಡಿದ ಮುದುಕರು, ಮುಖಕ್ಕೆ ಬಣ್ಣ ಬಳಿದುಕೊಂಡ ಹುಡುಗಿಯರು, ಎಲ್ಲರ ಮೈಮೇಲೂ ಅದೇ ಗಾರ್ನೆಟ್ ಕೆಂಪು. ಬೇಯಿಸಿದ ಮಾಂಸದ ಹೊಗೆ, ಬಿಸಿ ಸೇಬಿನ ರಸಕ್ಕೆ ಹಾಕಿದ ದಾಲ್ಚಿನ್ನಿಯ ಘಮ. ಮಧ್ಯಾಹ್ನ ಫ್ರಾಂಕ್ ಬೇಲಿ ಮೈದಾನದಲ್ಲಿ ಫುಟ್‌ಬಾಲ್ ಪಂದ್ಯ.

ಒಂದು ಕಡೆ ಚೀನಾದಿಂದ ಬಂದ ಹಳೆಯ ಕಲ್ಲಿನ ಸಿಂಹವೊಂದಿದೆ. ಎಲ್ಲರೂ ಅದನ್ನು 'ಐಡಲ್' ಎನ್ನುತ್ತಾರೆ, ವಿಗ್ರಹ ಎಂದೇ. ಹಳೆಯ ವಿದ್ಯಾರ್ಥಿಯೊಬ್ಬ ಮಿಷನರಿಯಾಗಿ ಹೋದವನು ಹತ್ತೊಂಬತ್ತನೇ ಶತಮಾನದಲ್ಲಿ ಕಾಲೇಜಿಗೆ ಕೊಟ್ಟದ್ದು. ವಿದ್ಯಾರ್ಥಿಗಳು ಅದಕ್ಕೆ ಬಣ್ಣ ಬಳಿಯುತ್ತಾರೆ. ಇಂದು ಒಂದು ಗುಂಪು, ನಾಳೆ ಇನ್ನೊಂದು ಗುಂಪು, ಪದರದ ಮೇಲೆ ಪದರ. ಸಿಂಹದ ಹಲ್ಲು, ಉಗುರು, ಕೇಸರ ಎಲ್ಲ ಬಣ್ಣದಡಿ ಹೂತು ಅದು ಈಗ ಬೆಣ್ಣೆ ಅಲಂಕಾರದ ಹನುಮಂತನಂತೆ ದುಂಡಗಾಗಿದೆ. ಅಜ್ಜ ಅದರ ಬೆನ್ನಿಗೆ ಬೆರಳು ಒತ್ತಿದರು. ಬಣ್ಣ ಇನ್ನೂ ಒಣಗಿರಲಿಲ್ಲ. ಹಸಿರು ಹತ್ತಿದ ಬೆರಳನ್ನು ನನಗೆ ತೋರಿಸಿ, "ಇದರಡಿ ಎಲ್ಲೋ 1962ರ ನಮ್ಮ ನೀಲಿ ಇದೆ," ಎಂದರು.

ಅವರ 'ನಮ್ಮ' ಎಂಬ ಮಾತಿನ ಅರ್ಥ ಹಿಡಿಯಲು ನನಗೆ ಆರು ವರ್ಷ ಬೇಕಾಯಿತು. ಅದು ಕಾಲೇಜೂ ಅಲ್ಲ, ತರಗತಿಯೂ ಅಲ್ಲ. ಅವರು ಸೇರಿದ್ದ ಫ್ರೆಟರ್ನಿಟಿ. ಲ್ಯಾಟಿನ್ನಿನ 'ಫ್ರಾತೆರ್' ನಮ್ಮ ಸಂಸ್ಕೃತದ 'ಭ್ರಾತೃ'ವಿನ ಒಡಹುಟ್ಟು. ಸೋದರಕೂಟ ಎಂದರೆ ಸಾಕು. ಎರಡೋ ಮೂರೋ ಗ್ರೀಕ್ ಅಕ್ಷರ ಅದರ ಹೆಸರು. ಅಕ್ಷರಗಳ ಹಿಂದಿನ ಮಾತು ಗುಟ್ಟು, ಸೇರಿಸಿಕೊಳ್ಳುವ ವಿಧಿ ಗುಟ್ಟು, ಕೈಕುಲುಕುವ ರೀತಿ ಗುಟ್ಟು. ಒಂದೊಂದು ಕಾಲೇಜಿನಲ್ಲಿರುವ ಶಾಖೆಗೆ 'ಚಾಪ್ಟರ್' ಎನ್ನುತ್ತಾರೆ. ಮಠದ ಸನ್ಯಾಸಿಗಳು ದಿನವೂ ಸಭೆ ಸೇರಿ ನಿಯಮದ ಒಂದು ಅಧ್ಯಾಯ ಓದುತ್ತಿದ್ದರಂತೆ. ಸಭೆಗೇ ಅಧ್ಯಾಯದ ಹೆಸರು ಬಂತು. ಹೆಸರು ಮಠದ್ದು, ಬದುಕು ಮಾತ್ರ ಸನ್ಯಾಸಿಯದಲ್ಲ.

ಈ ನೆಲಕ್ಕೆ 'ಫ್ರೆಟರ್ನಿಟಿಗಳ ತಾಯಿ' ಎಂಬ ಹೆಸರಿದೆ. 1825ರ ಅಕ್ಟೋಬರ್ ಕೊನೆಯಲ್ಲಿ, ಈ ಊರಿನ ಮೂಲಕ ಹಾಯುವ ಈರಿ ಕಾಲುವೆ ಪೂರ್ತಿಯಾಗಿ ತೆರೆಯಿತು. ಸರಿಯಾಗಿ ಒಂದು ತಿಂಗಳಿಗೆ, ನವೆಂಬರ್ 26ಕ್ಕೆ, ಈ ಕಾಲೇಜಿನ ಕೆಲವು ಹುಡುಗರು ಕಪ್ಪಾ ಆಲ್ಫಾ ಕಟ್ಟಿದರು. 1827ರಲ್ಲಿ ಸಿಗ್ಮಾ ಫೈ, ಡೆಲ್ಟಾ ಫೈ. 1833ರಲ್ಲಿ ಸೈ ಅಪ್ಸಿಲಾನ್. 1841ರಲ್ಲಿ ಕೈ ಸೈ. 1847ರಲ್ಲಿ ಥೀಟಾ ಡೆಲ್ಟಾ ಕೈ. ಆರು ಕೂಟಗಳು ಇಲ್ಲಿ ಹುಟ್ಟಿ ದೇಶಕ್ಕೆ ಹರಡಿದವು. ಅಮೆರಿಕದ 21ನೇ ಅಧ್ಯಕ್ಷ ಚೆಸ್ಟರ್ ಆರ್ಥರ್ 1848ರಲ್ಲಿ ಇಲ್ಲಿಂದ ಪದವಿ ಪಡೆದ ಸೈ ಅಪ್ಸಿಲಾನಿನ ಸೋದರ. ಕಾಲುವೆ ಬಂದಾಗ ಹಳ್ಳಿಯ ಹುಡುಗರು ದೂರದಿಂದ ಓದಲು ಬಂದರು. ಅವರಿಗೆ ಇಲ್ಲಿ ಸಿಕ್ಕಿದ್ದು ಪ್ರಾರ್ಥನೆಯ ಗಂಟೆ ಮತ್ತು ಗ್ರೀಕ್ ಬಾಯಿಪಾಠ. ಅಣ್ಣತಮ್ಮಂದಿರನ್ನು ಊರಲ್ಲಿ ಬಿಟ್ಟು ಬಂದವರು ಅದೇ ಗ್ರೀಕಿನಿಂದ ಎರಡಕ್ಷರ ಕದ್ದು ಹೊಸ ಅಣ್ಣತಮ್ಮಂದಿರನ್ನು ಮಾಡಿಕೊಂಡರು ಎಂದು ನಾನು ಅಂದುಕೊಂಡಿದ್ದೇನೆ.

ಹುಡುಗರಿಗಷ್ಟೇ ಅಲ್ಲ, ಒಬ್ಬ ಮೇಷ್ಟರಿಗೂ ಇಂಥ ಮನೆ ಸಿಕ್ಕಿತ್ತು. ವಿದ್ಯುತ್ತಿನ ಮಾಂತ್ರಿಕ ಎನಿಸಿಕೊಂಡ ಚಾರ್ಲ್ಸ್ ಸ್ಟೈನ್‌ಮೆಟ್ಜ್ ಜಿಇಯಲ್ಲಿ ಕೆಲಸ ಮಾಡುತ್ತಲೇ 1902ರಿಂದ ಈ ಕಾಲೇಜಿನಲ್ಲಿ ವಿದ್ಯುತ್ ಎಂಜಿನಿಯರಿಂಗ್ ಕಲಿಸಿದವರು. ಗೂನುಬೆನ್ನು, ಕುಳ್ಳ ದೇಹ, ಮದುವೆಯಿಲ್ಲ. ಜರ್ಮನಿ ತೊರೆದು 1889ರಲ್ಲಿ ಅಮೆರಿಕಕ್ಕೆ ಬಂದಿಳಿದ ಆ ಮನುಷ್ಯನನ್ನು ಫೈ ಗಾಮಾ ಡೆಲ್ಟಾದ ಹುಡುಗರು ಗೌರವ ಸೋದರನಾಗಿ ತಮ್ಮೊಳಗೆ ಸೇರಿಸಿಕೊಂಡರು. ಆಲ್ಟರ್ನೇಟಿಂಗ್ ಕರೆಂಟಿನ ಲೆಕ್ಕವನ್ನು ಅವರ ದಾರಿಯಲ್ಲೇ ಕಲಿತ ನಾನು, ಅವರೂ ಯಾರದೋ ಊಟದ ಮೇಜಿನ ತುದಿಯಲ್ಲಿ ಕೂತು ನಗುತ್ತಿದ್ದಿರಬಹುದು ಎಂದು ಅದುವರೆಗೆ ಯೋಚಿಸಿಯೇ ಇರಲಿಲ್ಲ.

"ಮೊದಲು ಹಳೆಯ ಮನೆ," ಎಂದರು ಅಜ್ಜ.

ಬಿಳಿ ಕಂಬಗಳ, ಇಟ್ಟಿಗೆ ಗೋಡೆಯ ಮೂರಂತಸ್ತಿನ ಮನೆ. ಅಜ್ಜನ ಕಾಲದಲ್ಲಿ ಬಾಗಿಲ ಮೇಲೆ ಗ್ರೀಕ್ ಅಕ್ಷರಗಳಿದ್ದವಂತೆ. 2004ರಲ್ಲಿ ಕಾಲೇಜು 'ಮಿನರ್ವಾ' ಎಂಬ ಹೊಸ ಪದ್ಧತಿ ತಂದಿತು. ಏಳು ಮನೆ, ಪ್ರತಿ ವಿದ್ಯಾರ್ಥಿಯೂ ಅವುಗಳಲ್ಲೊಂದಕ್ಕೆ ಸೇರಿದವನು, ಆರಿಸಿಕೊಳ್ಳುವುದೂ ಇಲ್ಲ, ತಿರಸ್ಕರಿಸುವುದೂ ಇಲ್ಲ. ಅದಕ್ಕಾಗಿ ಕೆಲವು ಹಳೆಯ ಫ್ರೆಟರ್ನಿಟಿ ಮನೆಗಳು ಕೈಬದಲಾದವು. ಅಜ್ಜನ ಮನೆಯೂ ಅದರಲ್ಲೊಂದು. ಮೆಟ್ಟಿಲ ಕೆಳಗೆ ನಿಂತು ಅವರು ಮೂರನೇ ಅಂತಸ್ತಿನ ಕಿಟಕಿ ನೋಡುತ್ತಿದ್ದರು. ಒಳಗೆ ಹೋಗುವ ಮಾತಾಡಲಿಲ್ಲ. ಅಣ್ಣತಮ್ಮಂದಿರು ಪಾಲಾಗಿ ತವರುಮನೆ ಮಾರಿಹೋದ ಮೇಲೆ ನಮ್ಮ ದೊಡ್ಡಮ್ಮನೂ ಆ ಬೀದಿಗೆ ಹೋದಾಗ ಹೀಗೆಯೇ ನಿಲ್ಲುತ್ತಿದ್ದಳು. ಬಾಗಿಲು ತಟ್ಟಲು ಕೈ ಏಳುತ್ತಿರಲಿಲ್ಲ, ಮುಂದಕ್ಕೆ ಹೋಗಲು ಕಾಲೂ ಏಳುತ್ತಿರಲಿಲ್ಲ.

ಬಾಗಿಲು ತಾನಾಗಿ ತೆರೆಯಿತು. ಲಾಂಡ್ರಿ ಬುಟ್ಟಿ ಸೊಂಟಕ್ಕಿಟ್ಟುಕೊಂಡ ಹುಡುಗಿಯೊಬ್ಬಳು. "ಯಾರನ್ನಾದರೂ ಹುಡುಕುತ್ತಿದ್ದೀರಾ?"

"ಇಲ್ಲಮ್ಮ. ಒಂದು ಕಾಲಕ್ಕೆ ಆ ಕೋಣೆಯಲ್ಲಿದ್ದೆ."

ಅವಳು ತಿರುಗಿ ಮೇಲೆ ನೋಡಿದಳು, ಪಿನ್ನು ನೋಡಿದಳು. "ಅದು ನನ್ನ ಗೆಳತಿಯ ಕೋಣೆ. ಬನ್ನಿ." ಈ ಕಾಲೇಜಿಗೆ ಹುಡುಗಿಯರು ಸೇರಿದ್ದೇ 1970ರಲ್ಲಿ. ಅಜ್ಜನ ಕಾಲದಲ್ಲಿ ಹೆಣ್ಣುಮಕ್ಕಳು ಈ ಮೆಟ್ಟಿಲು ಹತ್ತುವುದಿದ್ದರೆ ಅದು ನೃತ್ಯದ ವಾರಾಂತ್ಯಗಳಲ್ಲಿ ಮಾತ್ರ, ಅದೂ ಕೆಳಗಿನ ಹಾಲಿನ ತನಕ.

ಮರದ ಮೆಟ್ಟಿಲು. ಕಟಾಂಜನ ಹಿಡಿದು ಅಜ್ಜ ನಿಧಾನ ಹತ್ತತೊಡಗಿದರು. ನಾನು ಹಿಂದೆ, ಬಿದ್ದರೆ ಹಿಡಿಯಬೇಕಲ್ಲ ಎಂಬ ಚಿಂತೆಯಲ್ಲಿ. ಏಳನೇ ಮೆಟ್ಟಿಲಿಗೆ ಬಂದಾಗ ಅವರು ನಡುವೆ ಕಾಲಿಡಲಿಲ್ಲ. ಮೈಯನ್ನು ಗೋಡೆಗೆ ಒತ್ತಿ, ಮೆಟ್ಟಿಲಿನ ತೀರ ಒಳಮೂಲೆಗೆ ಪಾದವಿಟ್ಟು ದಾಟಿದರು. ಮೇಲಿನಿಂದ ಹುಡುಗಿ ಕಿಲಕಿಲ ನಕ್ಕಳು: "ಅಯ್ಯೋ, ನಾವೂ ಹಾಗೇ ಹತ್ತೋದು!" ನಾನು ಗೊತ್ತಿಲ್ಲದೆ ನಡುವೆ ಕಾಲಿಟ್ಟೆ. ಮೆಟ್ಟಿಲು ಇಡೀ ಮನೆಗೆ ಕೇಳುವಂತೆ ಕಿರುಗುಟ್ಟಿತು.

ರಾತ್ರಿ ತಡವಾಗಿ ಬಂದವರೆಲ್ಲ ಕಲಿತ ಗುಟ್ಟು ಅದು. ದೀಕ್ಷೆಯಿಲ್ಲ, ಪ್ರಮಾಣವಿಲ್ಲ, ಗ್ರೀಕ್ ಅಕ್ಷರವಿಲ್ಲ. ಅರವತ್ತು ವರ್ಷದ ಅಂತರದ ಇಬ್ಬರು ಪಾದದಲ್ಲೇ ಒಬ್ಬರನ್ನೊಬ್ಬರು ಗುರುತು ಹಿಡಿದಿದ್ದರು. ಕೋಣೆಯಲ್ಲಿ ಅಜ್ಜ ನಿಂತದ್ದು ಒಂದೇ ನಿಮಿಷ. ಗೋಡೆಯ ತುಂಬ ಪುಟ್ಟ ದೀಪಗಳ ಸರ, ಮಂಚದ ಮೇಲೆ ಬಟ್ಟೆಯ ಆನೆ. "ಈಗ ಚೊಕ್ಕಟವಾಗಿದೆ," ಎಂದಷ್ಟೇ ಹೇಳಿ ಇಳಿದರು. ಇಳಿಯುವಾಗಲೂ ಏಳನೆಯದನ್ನು ಮರೆಯಲಿಲ್ಲ.

ಈಗ ಅವರ ಕೂಟದ ಹುಡುಗರಿರುವುದು ಹತ್ತು ನಿಮಿಷ ನಡೆದರೆ ಸಿಗುವ ಸಾಧಾರಣ ಮನೆಯಲ್ಲಿ. ಜಗುಲಿಯಲ್ಲಿ ಹಳೆಯ ಸೋಫಾ, ಸೋಫಾದ ಮೇಲೆ ಒದ್ದೆ ಟವೆಲು. ಅಜ್ಜ ಅಂಗಳ ಹೊಕ್ಕಿದ್ದೇ ತಡ, ಇಪ್ಪತ್ತರ ಹುಡುಗನೊಬ್ಬ ಜಗುಲಿಯಿಂದ ಜಿಗಿದು ಬಂದು ಕೈ ಚಾಚಿದ. "ವೆಲ್‌ಕಮ್ ಹೋಮ್, ಬ್ರದರ್." ಮೊಮ್ಮಗನ ವಯಸ್ಸಿನವನು 'ಅಣ್ಣಾ' ಎನ್ನುತ್ತಿದ್ದಾನೆ! ಕೈ ಕುಲುಕುವಾಗ ಇಬ್ಬರ ಬೆರಳುಗಳೂ ಒಳಗೊಳಗೇ ಏನೋ ಮಾಡಿದವು. ನಾನು ಕಣ್ಣರಳಿಸಿ ನೋಡಿದರೂ ಗೊತ್ತಾಗಲಿಲ್ಲ. ಅಜ್ಜ ನನ್ನತ್ತ ತಿರುಗಿ ಕಣ್ಣು ಮಿಟುಕಿಸಿದರು.

ಆ ಹಿಡಿತದ ಬಗ್ಗೆ ಅವರು ಒಮ್ಮೆ ಹೇಳಿದ್ದರು. ಅವರ ಜೊತೆಯಲ್ಲೇ ಸೇರಿದ ಗೆಳೆಯನೊಬ್ಬ ಈಗ ಫ್ಲಾರಿಡಾದ ವೃದ್ಧಾಶ್ರಮದಲ್ಲಿದ್ದಾನೆ. ಮರೆವಿನ ಕಾಯಿಲೆ, ಹೆತ್ತ ಮಕ್ಕಳ ಗುರುತೂ ಇಲ್ಲ. ಅಜ್ಜ ಹೋಗಿ ಎದುರು ಕೂತರೆ ಯಾರೋ ಡಾಕ್ಟರು ಎಂದುಕೊಂಡನಂತೆ. ಕೈ ಕೊಟ್ಟಾಗ ಮಾತ್ರ ಬೆರಳು ತಾವಾಗಿಯೇ ಮಡಚಿಕೊಂಡವು, ಸರಿಯಾಗಿ. "ತಲೆ ಮರೆತದ್ದನ್ನು ಕೈ ಮರೆತಿರಲಿಲ್ಲ," ಎಂದಿದ್ದರು. ಆಗ ನನಗೆ ಅದು ಮುದುಕರ ಅತಿಶಯೋಕ್ತಿ ಅನ್ನಿಸಿತ್ತು. ಏಳನೇ ಮೆಟ್ಟಿಲು ನೋಡಿದ ಮೇಲೆ ನಂಬಿದೆ.

ಒಳಗಿನ ಮೊಗಸಾಲೆಯ ಗೋಡೆಗೆ ಸಾಲಾಗಿ ಚೌಕಟ್ಟುಗಳು. ವರ್ಷಕ್ಕೊಂದು. ಒಂದೊಂದರಲ್ಲೂ ಮೂವತ್ತು, ನಲವತ್ತು ಮೊಟ್ಟೆಯಾಕಾರದ ಪುಟ್ಟ ಮುಖಗಳು, ಕೆಳಗೆ ಹೆಸರು. 'ಕಂಪೋಸಿಟ್' ಎನ್ನುತ್ತಾರೆ. ಅಜ್ಜ ಕಣ್ಣಿನ ಹನಿ ಒರೆಸಿಕೊಂಡು 1964ರ ಮುಂದೆ ನಿಂತರು. ಮೂರನೇ ಸಾಲಿನಲ್ಲಿ ಕತ್ತರಿಸಿದ ಕೂದಲಿನ, ಕಿವಿ ಎದ್ದು ಕಾಣುವ ಹುಡುಗ. ಆಮೇಲೆ ಪಾಕೀಟಿನಿಂದ ಪೋಸ್ಟ್‌ಕಾರ್ಡಿನಷ್ಟು ದೊಡ್ಡ ಕಾಗದ ತೆಗೆದರು. ಅದೇ ಚಿತ್ರದ ನಕಲು, ನಾಲ್ಕು ಮಡಿಕೆಗೆ ಅಂಟು ಪಟ್ಟಿ ಹಚ್ಚಿದ್ದು. ಕೆಲವು ಮುಖಗಳ ಕೆಳಗೆ ಪೆನ್ಸಿಲಿನ ಚುಕ್ಕೆ. ಎಣಿಸಿದೆ: ಮೂವತ್ತೆಂಟು ಮುಖ, ಇಪ್ಪತ್ತಮೂರು ಚುಕ್ಕೆ. ಮೊದಲನೆಯದು ವಿಯೆಟ್ನಾಮಿನಿಂದ ಬಂದದ್ದು. "ಅವನಿಗೆ ಇಪ್ಪತ್ತಾರು," ಎಂದು ಅಜ್ಜ ಆ ಮುಖದ ಮೇಲೆ ಬೆರಳಿಟ್ಟರು. ಹಸಿರು ಬಣ್ಣ ಅಲ್ಲೂ ಸ್ವಲ್ಪ ಹತ್ತಿತು.

ಉಳಿದ ಹದಿನೈದರಲ್ಲಿ ಒಬ್ಬರು ಅವರೇ. ಇನ್ನು ಹದಿನಾಲ್ಕು ಜನ. ಪ್ರತಿ ಭಾನುವಾರ ಸಂಜೆ ಒಬ್ಬರಿಗೆ ಫೋನು. ಒಂದು ಸುತ್ತು ಮುಗಿಯಲು ಮೂರು ತಿಂಗಳ ಮೇಲಾಗುತ್ತದೆ. "ಮೊದಲು ಒಂಬತ್ತು ತಿಂಗಳು ಹಿಡಿಯುತ್ತಿತ್ತು," ಎಂದರು, ಲೆಕ್ಕ ಒಪ್ಪಿಸುವ ಎಂಜಿನಿಯರಿನ ದನಿಯಲ್ಲಿ.

ಆ ಗೋಡೆ ಇನ್ನೊಂದು ಮಾತನ್ನೂ ಹೇಳುತ್ತಿತ್ತು, ಯಾರೂ ಬಾಯಿಬಿಡದೆ. 1964ರಲ್ಲಿ ಮೂವತ್ತೆಂಟು ಮುಖದ್ದೂ ಒಂದೇ ಬಣ್ಣ. ನಾನು ನೋಡುತ್ತಿರುವುದನ್ನು ಅಜ್ಜ ನೋಡಿದರು. "ಹೌದು. ಅಣ್ಣತಮ್ಮಂದಿರು ಅಂದೆವು. ಬಾಗಿಲಿಗೆ ಜರಡಿ ಕಟ್ಟಿದ್ದೆವು." ಕಪ್ಪು ಜನರನ್ನು, ಯಹೂದಿಗಳನ್ನು ಹೊರಗಿಡುವ ನಿಯಮಗಳು ಎಷ್ಟೋ ಕೂಟಗಳಲ್ಲಿ ಬರಹದಲ್ಲೇ ಇದ್ದವು. ಹೊರಗುಳಿದವರು ಸುಮ್ಮನೆ ಕೂರಲಿಲ್ಲ. ಇದೇ ರಾಜ್ಯದ ಇಥಾಕಾದಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದ ಏಳು ಕಪ್ಪು ಹುಡುಗರು 1906ರ ಡಿಸೆಂಬರ್ 4ರಂದು ಆಲ್ಫಾ ಫೈ ಆಲ್ಫಾ ಕಟ್ಟಿಕೊಂಡರು. 1952ರಲ್ಲಿ ಬಾಸ್ಟನ್ನಿನಲ್ಲಿ ಓದುತ್ತಿದ್ದ ಮಾರ್ಟಿನ್ ಲೂಥರ್ ಕಿಂಗ್ ಅದನ್ನು ಸೇರಿದರು. ಕಿಂಗ್ ಹತ್ಯೆಯಾಗಿ ಹದಿನಾರು ವರ್ಷವಾದ ಮೇಲೆ, 1984ರಲ್ಲಿ, ತಮ್ಮ ಸೋದರನಿಗೆ ರಾಜಧಾನಿಯಲ್ಲೊಂದು ಸ್ಮಾರಕ ಬೇಕು ಎಂದು ಆ ಕೂಟದ ಹಿರಿಯರು ಹೊರಟರು. ಸಂಸತ್ತಿನ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. 2011ರಲ್ಲಿ ವಾಷಿಂಗ್ಟನ್ನಿನ ನೀರಿನಂಚಿಗೆ ಮೂವತ್ತಡಿ ಎತ್ತರದ ಕಲ್ಲಿನ ಕಿಂಗ್ ಎದ್ದು ನಿಂತರು. ಕಾಲೇಜು ಹುಡುಗರ ಕೂಟವೊಂದು ಹಿಡಿದ ಹಟ ಇಪ್ಪತ್ತೇಳು ವರ್ಷ ಬದುಕಿತು. ಆ ಕೂಟದಲ್ಲಿ ಪದವಿ ಮುಗಿದವರಿಗೂ ಬೇರೆ ಚಾಪ್ಟರುಗಳಿವೆ. ತೀರಿಕೊಂಡವರಿಗೆ ಗ್ರೀಕ್ ವರ್ಣಮಾಲೆಯ ಕೊನೆಯ ಅಕ್ಷರದ ಒಮೇಗಾ ಚಾಪ್ಟರ್. ಸತ್ತರೂ ಪಟ್ಟಿಯಿಂದ ಹೆಸರು ಹೋಗುವುದಿಲ್ಲ, ಕೋಣೆ ಬದಲಾಗುತ್ತದೆ.

ಅಜ್ಜನ ಗೋಡೆಯೂ ಮುಂದೆ ಹೋದಂತೆ ಬಣ್ಣ ಬದಲಿಸಿತ್ತು. ಎಪ್ಪತ್ತರ ದಶಕದಲ್ಲಿ ಒಂದು ಕಪ್ಪು ಮುಖ, ತೊಂಬತ್ತರಲ್ಲಿ ಪೂರ್ವ ಏಷ್ಯಾದ ಎರಡು, ಮೂರು ವರ್ಷದ ಹಿಂದಿನದರಲ್ಲಿ ನಮ್ಮ ಕಡೆಯದೆಂದು ನೋಡಿದ ಕೂಡಲೆ ಗೊತ್ತಾಗುವ ಹೆಸರು. ನನ್ನ ಮುಖ ಅರಳಿರಬೇಕು. "ನಿಮ್ಮೂರಿನವನಾ?" ಎಂದು ಅಜ್ಜ ಕೇಳಿದರು. ನೂರನಲವತ್ತು ಕೋಟಿ ಮೀರಿದ ದೇಶದ ಲೆಕ್ಕ ಅವರಿಗೆ ಇನ್ನೂ ಹತ್ತಿಲ್ಲ.

ಊಟದ ಮನೆಯಲ್ಲಿ ದೊಡ್ಡ ಪಾತ್ರೆಯಲ್ಲಿ ಚಿಲ್ಲಿ ಕುದಿಯುತ್ತಿತ್ತು. ಪಕ್ಕದಲ್ಲಿ ಜೋಳದ ಬ್ರೆಡ್ಡು. ಏಳೆಂಟು ಹಿರಿಯರು, ಇಪ್ಪತ್ತು ಹುಡುಗರು. ಇಲ್ಲೊಂದು ವಂಶಾವಳಿಯಿದೆ. ಹೊಸದಾಗಿ ಸೇರಿದವನಿಗೆ ಒಬ್ಬ 'ಬಿಗ್ ಬ್ರದರ್', ಆ ಅಣ್ಣನಿಗೊಬ್ಬ ಅಣ್ಣ. ನಮ್ಮಲ್ಲಿ ಗೋತ್ರ ಪ್ರವರ ಹೇಳುವ ಹಾಗೆ ಒಬ್ಬ ಹುಡುಗ ಬೆರಳು ಮಡಚುತ್ತ ತನ್ನ ಅಣ್ಣಂದಿರ ಸಾಲನ್ನು ಹಿಂದಕ್ಕೆ ಹೇಳುತ್ತ ಹೋದ. ಎಷ್ಟೋ ಮಡಿಕೆಗಳಾದ ಮೇಲೆ ಅಜ್ಜನ ಹೆಸರು ಬಂತು. ಎಲ್ಲರೂ ಮೇಜು ಗುದ್ದಿದರು. ಅಜ್ಜ ಚಮಚ ಎತ್ತಿ ಆಶೀರ್ವಾದ ಮಾಡಿದರು.

ಮಾತು ಅಲ್ಲಿಂದ ದೀಕ್ಷೆಯ ದಿನಗಳಿಗೆ ಹೊರಳಿತು. ಬೆಂಕಿಕಡ್ಡಿ ಗೀರಿ, ಅದು ಬೆರಳು ಸುಡುವುದರೊಳಗೆ ಗ್ರೀಕ್ ಅಕ್ಷರಮಾಲೆ ಒಪ್ಪಿಸಬೇಕಿತ್ತಂತೆ. ಅಜ್ಜ ಹೆಬ್ಬೆರಳಿನ ತುದಿ ತೋರಿಸಿ ನಕ್ಕರು. ಹುಡುಗರು ನಗಲಿಲ್ಲ. ಕಪ್ಪಾ ಆಲ್ಫಾ ಸೇರಲು ಹೊರಟ ಕಾರ್ನೆಲ್ಲಿನ ವಿದ್ಯಾರ್ಥಿ ಮಾರ್ಟಿಮರ್ ಲೆಗೆಟ್ 1873ರಲ್ಲೇ ರಾತ್ರಿ ಕಮರಿಗೆ ಬಿದ್ದು ಸತ್ತಿದ್ದ. 2017ರ ಫೆಬ್ರವರಿಯಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಹತ್ತೊಂಬತ್ತರ ಟಿಮೊತಿ ಪಿಯಾಜಾ ಹೊಸಬರಿಗೆ ಮದ್ಯ ಕುಡಿಸುವ ಆಟದ ರಾತ್ರಿ ಮೆಟ್ಟಿಲಿಂದ ಬಿದ್ದ. ಗಂಟೆಗಟ್ಟಲೆ ಯಾರೂ ಆಂಬುಲೆನ್ಸ್ ಕರೆಯಲಿಲ್ಲ. ಸೋದರರು ಎನಿಸಿಕೊಳ್ಳುವವರ ನಡುವೆಯೇ ಬಿದ್ದಿದ್ದವನು ಕೊನೆಗೆ ಆಸ್ಪತ್ರೆಯಲ್ಲಿ ತೀರಿಕೊಂಡ. ಮರುವರ್ಷ ಪೆನ್ಸಿಲ್ವೇನಿಯಾ ಕಠಿಣ ಕಾನೂನು ತಂದಿತು; 2024ರ ಡಿಸೆಂಬರಿನಲ್ಲಿ ಇಡೀ ದೇಶದ ಕಾಲೇಜುಗಳು ಇಂಥ ಪ್ರಕರಣಗಳ ಲೆಕ್ಕ ಕೊಡಬೇಕೆಂಬ ಕಾನೂನು ಬಂತು. "2017ರಲ್ಲಿ ಅಜ್ಜ ಇಲ್ಲಿ ಬಂದು ಮೂರು ವಾರ ಕೂತಿದ್ದರಂತೆ," ಎಂದ ಚಾಪ್ಟರಿನ ಅಧ್ಯಕ್ಷ ಹುಡುಗ. 'ಅಜ್ಜ' ಎಂಬ ಮಾತನ್ನು ನನ್ನಿಂದಲೇ ಅರ್ಧ ಗಂಟೆ ಮುಂಚೆ ಕಲಿತಿದ್ದ. "ಬೆಂಕಿಕಡ್ಡಿಯೂ ಬೇಡ ಅಂದರಂತೆ. ಆಗಿನಿಂದ ಇಲ್ಲ." ಅಜ್ಜ ಬಟ್ಟಲಿನತ್ತ ನೋಡುತ್ತ, "ನಾವು ನಕ್ಕದ್ದಕ್ಕೇ ಅದು ಅಷ್ಟು ವರ್ಷ ಉಳಿಯಿತು," ಎಂದರು.

ಇಪ್ಪತ್ತೊಂದು ವರ್ಷ ಅವರು ಈ ಚಾಪ್ಟರಿನ ಹಿರಿಯರ ಸಂಘದ ಖಜಾಂಚಿ. ಸೂರು ಸೋರಿದರೆ ಪತ್ರ, ಬಾಯ್ಲರ್ ಕೆಟ್ಟರೆ ಪತ್ರ, ಬಡ ಹುಡುಗನ ಫೀಸು ನಿಂತರೆ ಪತ್ರ. ತಮ್ಮದನ್ನು ಬಿಟ್ಟು ಉಳಿದ ಮೂವತ್ತೇಳು ಮುಖಗಳಿಗೆ ಕೈಬರಹದ ಮೂವತ್ತೇಳು ಪತ್ರ; ಚುಕ್ಕೆ ಬಿದ್ದ ಮೇಲೆ ಆ ಮುಖದ ಹೆಂಡತಿಗೆ. ನಾಲ್ಕು ವರ್ಷ ಉಂಡು ಮಲಗಿದ್ದಕ್ಕೆ ಇಷ್ಟೊಂದು ಯಾಕೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಮೈಸೂರಿನಲ್ಲಿ ವಾರಾನ್ನ ಮಾಡಿ ಓದಿದ ನಮ್ಮ ತಾತ ಬದುಕಿರುವವರೆಗೆ ಪ್ರತಿ ಬೇಸಿಗೆಯೂ ಒಂದು ಬುಟ್ಟಿ ಮಾವಿನ ಹಣ್ಣು ಹೊತ್ತು 'ಬುಧವಾರದ ಮನೆ'ಗೆ ಹೋಗುತ್ತಿದ್ದರು. ಅಲ್ಲಿ ಅನ್ನವಿಟ್ಟ ತಾಯಿ ಎಂದೋ ತೀರಿಹೋಗಿದ್ದಳು. ಆ ಬುಟ್ಟಿಯ ಲೆಕ್ಕ ಕೇಳಿದ್ದರೆ ತಾತ ಏನು ಹೇಳುತ್ತಿದ್ದರೋ ಅಜ್ಜನೂ ಅದನ್ನೇ ಹೇಳುತ್ತಿದ್ದರು.

ಸಂಜೆಯ ಬಿಸಿಲು ಇಳಿಯುವ ಹೊತ್ತಿಗೆ ಹೊರಟೆವು. ಜಗುಲಿಯಲ್ಲಿ ಅಜ್ಜ ಪಿನ್ನಿಗೆ ಕೈಹಾಕಿದರು. ಅದರದ್ದೂ ಕಥೆಯಿದೆ. ಆಗಿನ ಹುಡುಗರು ಮೆಚ್ಚಿದ ಹುಡುಗಿಗೆ ಉಂಗುರಕ್ಕೂ ಮೊದಲು ಕೊಡುತ್ತಿದ್ದುದು ಫ್ರೆಟರ್ನಿಟಿಯ ಪಿನ್ನು. 1963ರ ವಸಂತದಲ್ಲಿ, ಆಗ ಹೆಣ್ಣುಮಕ್ಕಳದ್ದೇ ಆಗಿದ್ದ ಸ್ಕಿಡ್‌ಮೋರ್ ಕಾಲೇಜಿನ ಹುಡುಗಿಯೊಬ್ಬಳ ರವಿಕೆಗೆ ಅವರು ಇದನ್ನು ಚುಚ್ಚಿದ್ದರು. ಕಿಟಕಿಯ ಕೆಳಗೆ ಮೂವತ್ತು ಜನ ಸೋದರರು ನಿಂತು ಅಪಸ್ವರದಲ್ಲಿ ಹಾಡಿದ್ದರು. ಐವತ್ತೇಳು ವರ್ಷ ಅದು ಅವಳ ಆಭರಣದ ಪೆಟ್ಟಿಗೆಯಲ್ಲಿತ್ತು. ಅವಳು ಹೋದ ಮೇಲೆ ಮತ್ತೆ ಇವರ ಕೋಟಿಗೆ ಬಂತು. ಕೊನೆಗೆ ಅದು ಚಾಪ್ಟರಿಗೆ ಮರಳಬೇಕು, ಇಲ್ಲವೇ ಒಡೆಯನ ಜೊತೆ ಮಣ್ಣಿಗೆ ಹೋಗಬೇಕು. ಎರಡು ವರ್ಷದಿಂದ ಅಜ್ಜ ಕೊಡಲೆಂದೇ ಬರುತ್ತಾರಂತೆ. ಇಂದು ಬೆರಳು ಕೊಂಡಿಯವರೆಗೆ ಹೋಯಿತು, ಅದನ್ನು ನೇರ ಮಾಡಿತು, ಕೆಳಗಿಳಿಯಿತು. "ಮುಂದಿನ ವರ್ಷ," ಎಂದರು. ಅಧ್ಯಕ್ಷ ಹುಡುಗ, "ಅವಸರವಿಲ್ಲ ಬ್ರದರ್," ಎಂದ.

ಕಾರು ಶುರು ಮಾಡಿ ಎರಡು ಮಾರು ಹೋಗಿರಲಿಲ್ಲ. ಕನ್ನಡಿಯಲ್ಲಿ ಒಬ್ಬ ಹುಡುಗ ಬರಿಗಾಲಲ್ಲಿ ಓಡಿಬರುತ್ತಿದ್ದ. ನಿಲ್ಲಿಸಿದೆ. ಕಿಟಕಿಯಿಂದ ಒಳಗೆ ಕೈ ಹಾಕಿ ಅಲ್ಯೂಮಿನಿಯಂ ಹಾಳೆ ಮುಚ್ಚಿದ ತಟ್ಟೆಯೊಂದನ್ನು ಅಜ್ಜನ ಮಡಿಲಲ್ಲಿಟ್ಟ. ಜೋಳದ ಬ್ರೆಡ್ಡು, ನಾಲ್ಕು ಸೇಬಿನ ಡೋನಟ್ಟು, ಸಣ್ಣ ಡಬ್ಬಿಯಲ್ಲಿ ಚಿಲ್ಲಿ. "ರಾತ್ರಿ ಊಟಕ್ಕೆ," ಎಂದು ಹೇಳಿ ತಿರುಗಿ ಓಡಿದ.

ಅಜ್ಜ ಏನೂ 'ಥ್ಯಾಂಕ್ಸ್' ಎನ್ನಲಿಲ್ಲ. ನಾನೂ ಸ್ವಲ್ಪ ಹೊತ್ತು ಗೇರ್ ಹಾಕಲಿಲ್ಲ.

"ನಮ್ಮ ಕಡೆ ಇದಕ್ಕೊಂದು ಹೆಸರಿದೆ," ಎಂದೆ. "ಮಡಿಲಕ್ಕಿ." ತವರಿನಿಂದ ಹೊರಡುವ ಹೆಣ್ಣಿಗೆ ಮಡಿಲು ತುಂಬುವುದನ್ನು ವಿವರಿಸಿದೆ: ಅಕ್ಕಿ, ಬೆಲ್ಲ, ಕೊಬ್ಬರಿ, ವೀಳ್ಯದೆಲೆ. ಅವಳು ಹೊಸಿಲು ದಾಟುವವರೆಗೆ ಸೆರಗು ಬಿಡುವ ಹಾಗಿಲ್ಲ.

"ಗಂಡಸರಿಗೂ ಕೊಡುತ್ತಾರಾ?"

"ಇಲ್ಲ ಅಜ್ಜ."

ಅವರು ಆ ಮಾತನ್ನು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿದರು. 'ಳ' ಇಲ್ಲದ್ದು ಒಳ್ಳೆಯದಾಯಿತು. 'ಡ' ಮಾತ್ರ ತೊಡಕಿತು. ಕಾಲ ಬಳಿ ಬೇಕಾದಷ್ಟು ಜಾಗವಿತ್ತು, ಹಿಂದಿನ ಸೀಟು ಖಾಲಿಯಿತ್ತು. ಆದರೂ ನಿಸ್ಕಯೂನ ಮುಟ್ಟುವವರೆಗೆ ಅವರು ತಟ್ಟೆಯನ್ನು ಎರಡೂ ಕೈಯಲ್ಲಿ ಮಡಿಲಲ್ಲೇ ಹಿಡಿದು ಕೂತಿದ್ದರು. ನಮ್ಮ ಬೀದಿಯ ತಿರುವು ಬಂದಾಗ ಒಂದೇ ಮಾತು ಆಡಿದರು:

"ಬ್ರೇಕ್ ಮೆಲ್ಲಗೆ ಹಾಕು."